ಹೊಳೆ ನೋಡಲು ಬಂದ ಕಮಿಷನರ್

ನೋಡಿ, ಹೊಳೆದಂಡೆಯ ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅವನದು. ಬಟ್ಟೆಗೂ ಬಣ್ಣ, ಮಾತಿಗೂ ಬಣ್ಣ! ಉಳಿದ ಬಣ್ಣವೆಲ್ಲ ಕೊಳವೆಯಲ್ಲಿ ಹೊಳೆಗೆ. ಆ ನೀರು ಕುಡಿದು ಅದೇ ಊರಿನ ಪಾರವ್ವನ ಎಮ್ಮೆ ಸತ್ತಿತು. ಪಾರವ್ವ ಅಳುತ್ತ ಕೂತಳೇ? ಇಲ್ಲ. ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕೋರ್ಟಿಗೆ ಹೋದಳು. ಹೊಳೆಯನ್ನು ಕಣ್ಣಾರೆ ನೋಡಿ ಬರಲು ಕೋರ್ಟು ಒಬ್ಬ ಕಮಿಷನರನ್ನು ಕಳಿಸಿತು.

ಆಗ ಊರವರು ಏನು ಮಾಡಿದರು ಗೊತ್ತೇ? ದೊಡ್ಡವರು ಬರುತ್ತಾರೆಂದು ದಂಡೆ ಗುಡಿಸಿದರು. ನೊರೆ ಬಾಚಿದರು. ಸತ್ತ ಮೀನು ಹೂತರು. ಮೇಲೆ ರಂಗೋಲಿ ಬೇರೆ! ಶ್ರೀಮಂತನೂ ಅಂದು ಕೊಳವೆ ಮುಚ್ಚಿಸಿದ್ದ.

ಪಾರವ್ವ ಎದೆ ಬಡಿದುಕೊಂಡಳು. "ಯವ್ವಾ, ಸಾಕ್ಷೀನ ಗುಡಿಸಿ ಒಗದೀರಲ್ರೇ!"

"ಸಾಹೇಬ್ರು ಬರೂಮುಂದ ಹೊಲಸು ತೋರಸಬೇಕೇನ? ಊರ ಮರ್ಯಾದಿ ಏನಾಗಬೇಕ?" ಎಂದಳು ಅವಳ ನೆಗೆಣ್ಣಿ.

ಕಮಿಷನರ್ ಬಂದರು, ನೋಡಿದರು. ಶ್ರೀಮಂತ ಹೊಟ್ಟೆ ಮುಂದೆ ಮಾಡಿ ಮೂಗಿನಲ್ಲೇ ಉಲಿದ: "ನೀರಲ್ರೀ ಇದೂ... ಹಾಲೂ! ಈ ಹೆಣ್ಮಕ್ಳು ಸುಳ್ಳ ಕೇಸು ಹಾಕ್ಯಾರೀ..." ನಗಬೇಡಿ, ಅವನ ದನಿಯೇ ಹಾಗೆ. ನೀರು ಸ್ವಚ್ಛವೆಂದು ಕಮಿಷನರ್ ಬರೆದರೆ ಕೇಸು ಮುಗಿಯಿತು, ಹೊಳೆಯೂ ಮುಗಿಯಿತು.

ಅಷ್ಟರಲ್ಲಿ ದಂಡೆಯ ಗುಡಿಯ ಪೂಜಾರಿ ತೀರ್ಥ ತಂದರು. ಮೊದಲ ತೀರ್ಥ ಶ್ರೀಮಂತನಿಗೇ ಎಂಬುದು ಆ ಊರಿನ ಪದ್ಧತಿ. ಅವನು ಕೈಯೊಡ್ಡಿದ. ತುಟಿಗೆ ಮುಟ್ಟಿಸಲಿಲ್ಲ, ನೇರ ತಲೆಗೆ ಸವರಿಕೊಂಡ.

"ಕುಡೀಲಿಲ್ಲಲ್ರಿ?" ಎಂದರು ಕಮಿಷನರ್.

"ಭಕ್ತಿ ತಲಿಗೇರಬೇಕಲ್ರಿ, ಸಾಹೇಬ್ರ!"

"ಹೊಟ್ಟಿಗೂ ಒಂದೀಟು ಇಳೀಲಿ. ಪೂಜಾರ್ರ, ಇನ್ನೊಮ್ಮೆ ಹಾಕ್ರಿ."

ಶ್ರೀಮಂತ ಗಾಬರಿಯಾಗಿ ಹಿಂದೆ ಸರಿದ. "ಬ್ಯಾಡ್ರಿ ಬ್ಯಾಡ್ರಿ... ಅದು ಹೊಳಿ ನೀರು!"

ದಂಡೆಗೆ ದಂಡೆಯೇ ಗೊಳ್ಳೆಂದಿತು. ಹಿಂದಿನ ದಿನವೇ ಹೊಳೆಯಿಂದ ತುಂಬಿಟ್ಟಿದ್ದ ಆ ತೀರ್ಥದ ತಂಬಿಗೆಯನ್ನೇ ಕಮಿಷನರ್ ಪರೀಕ್ಷೆಗೆ ಒಯ್ದರು. ವಿಷ ಕಂಡಿತು, ಕಾರ್ಖಾನೆಗೆ ಬೀಗ ಬಿತ್ತು. ಮಳೆಗಾಲ ಕಳೆದು ತಿಳಿಯಾದ ಹೊಳೆಯಲ್ಲಿ ಪಾರವ್ವ ಮೊಣಕಾಲುದ್ದ ನಿಂತು, "ಉಸ್ಸಪ್ಪಾ" ಎಂದಳು.

ನಕ್ಕಿರಿ. ಸಂತೋಷ. ಈಗ ನಿಮ್ಮ ಕಡೆ ಬರೋಣವೇ? ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ಹೊಳೆಗೆಸೆದು ಕೈಮುಗಿಯುವವರು ಯಾರು? ಹೊಳೆಯ ಅರ್ಜಿಗೆ ಸಹಿ ಕೇಳಿದರೆ, "ಬಾಜೂ ಮನಿಯವರು ಹಾಕ್ಯಾರೇನ್ರಿ?" ಎನ್ನುವವರು ಯಾರು? ಯಾಕೆ ತಲೆ ತಗ್ಗಿಸಿದಿರಿ? ನಾಳೆಯಿಂದ ಆ ಹೂವು ಗಿಡದ ಬುಡಕ್ಕೆ ಹೋಗಲಿ. ಅರ್ಜಿ ಬಂದರೆ ಮೊದಲ ಸಹಿ ನಿಮ್ಮದಿರಲಿ. ಅಧಿಕಾರಿ ಬಂದರೆ ಮಾಲೆ ಹಾಕಿ, ಬೇಡವೆನ್ನುವುದಿಲ್ಲ. ಮಾಲೆ ಹಾಕಿದ ಕೈಯಿಂದಲೇ ಅವರ ಕೈಹಿಡಿದು ಕೊಳವೆಯ ಬಾಯಿಗೆ ಕರೆದೊಯ್ಯಿರಿ.