ಸಂತೆ ಬಯಲಿನ ಬೆಕ್ಕು

ರಾಯಬಾಗದ ದನದ ದವಾಖಾನೆಯ ಕಟ್ಟೆಯ ಮೇಲೆ ನಮ್ಮ ಎಮ್ಮೆಯ ಔಷಧಿಗಾಗಿ ಕೂತಿದ್ದೆ. ಪಕ್ಕದಲ್ಲಿ ಹೋರಿಯ ಹಗ್ಗ ಹಿಡಿದ ಹಳ್ಳಿಯ ರೈತ. ಅವನಾಚೆ, ತೊಡೆಯ ಮೇಲೆ ಗೋಣಿಚೀಲ ಇಟ್ಟುಕೊಂಡ ಇದೇ ಊರಿನ ಹೆಂಗಸು. ಚೀಲ ಗುರುಗುಟ್ಟುತ್ತಿತ್ತು.

"ಚೀಲದಾಗ ಏನೈತ್ರಿ ಅಕ್ಕಾರ?" ರೈತ ಕೇಳಿದ.

"ಗಂಡ ಬೆಕ್ಕ್ರಿ. ಬೀಜ ತಗಸಾಕ ತಂದೀನಿ."

"ಬೆಕ್ಕಿಗೆ? ನನ್ನ ಹೋರಿಗೆ ಮಾಡಸಿದ್ರ ನಾಳೆ ಹೊಲದಾಗ ಗಳೇ ಹೊಡೀತೈತಿ. ನಿಮ್ಮ ಬೆಕ್ಕ ಏನ್ ಹೊಡೀತೈತ್ರಿ?"

"ಹಾಸಿಗಿ ಮ್ಯಾಲ, ಜ್ವಾಳದ ಚೀಲದ ಮ್ಯಾಲ ಉಚ್ಚಿ ಹೊಡ್ಯಾಕತ್ತೈತ್ರಿ. ಅದ ನಿಲ್ಲತೈತೆಂತ."

"ಅದಕ್ಕ ಡಾಕ್ಟರ್ ಯಾಕ ಬೇಕ್ರಿ? ನಮ್ಮ ಮನ್ಯಾಗೂ ಒಂದ ಹಿಂಗ ಮಾಡತಿತ್ತ. ಚೀಲದಾಗ ತುಂಬಿ, ಟ್ರ್ಯಾಕ್ಟರ್‌ನ್ಯಾಗ ತಂದ, ಇಲ್ಲೇ ಸಂತಿ ಬಯಲಾಗ ಒಗದ ಹೋದ್ನಿ. ಪೀಡಾ ಹೋತ."

"ಹೆಂತಾ ಬೆಕ್ಕ್ರಿ ಅದು?"

"ಕೆಂಪಂದು. ನಾಯಿ ಕಡದ ಎಡಗಿವಿ ಅರ್ಧಾ ಹೋಗಿತ್ತ."

"ನಮ್ಮ ಮನಿ ಸಂತಿ ಬಯಲಿನ ಬಾಜೂಕ ಐತ್ರಿ," ಎಂದು ಆಕೆ ಚೀಲದ ಬಾಯಿ ಸಡಿಲಿಸಿದಳು.

ಕೆಂಪು ತಲೆಯೊಂದು ಹೊರಬಂತು. ಎಡಗಿವಿ ಅರ್ಧವೇ ಇತ್ತು. ಅದು ರೈತನನ್ನು ನೋಡಿ ಬುಸ್ಸೆಂದಿತು.

"ಗುರ್ತ ಮರತಿಲ್ಲ ನೋಡ್ರಿ."

ರೈತ ಹೋರಿಯ ಕೊಂಬು ನೋಡುತ್ತ ನಿಂತ.

ಕಂಪೌಂಡರ್ ಬಾಗಿಲಿಗೆ ಬಂದ. "ಬೆಕ್ಕ ಯಾರದ್ರಿ? ಹಿಡಕೊಳ್ಳಾಕ ಗಂಡಸ್ರು ಯಾರರ ಬಂದಾರೇನ?"

"ಬಂದಾರ್ರಿ, ಮಾಲಕರ ಬಂದಾರ."

ಆಕೆ ಹೋರಿಯ ಹಗ್ಗವನ್ನು ಅವನ ಕೈಯಿಂದ ಬಿಡಿಸಿ ನನಗೆ ಕೊಟ್ಟಳು. ಚೀಲ ಅವನ ಎದೆಗೆ ಒತ್ತಿದಳು.

"ನಡೀರಿ ಒಳಗ. ಈ ಸಲ ಒಗೀಬ್ಯಾಡ್ರಿ."