ಕುಣಿಯುವ ಕುರ್ಚಿ, ಉರುಳಿದ ಮೂರು ಗಿಲಾಸು ಮತ್ತು ಒಂದು ಟ್ಯಾಂಕರ್ ನೀರು

ಹೆಸರು: ಕೌಸಲ್ಯಾಬಾಯಿ, ಗಂಡ ದಿವಂಗತ ಕಾಶೀರಾಮ. ವಯಸ್ಸು: 62 ವರ್ಷ. ಉದ್ಯೋಗ: ನಿವೃತ್ತ ಅಂಗನವಾಡಿ ಕಾರ್ಯಕರ್ತೆ. ಮೂಲ ಊರು: ಭಾತಂಬ್ರಾ, ತಾಲೂಕು ಭಾಲ್ಕಿ. ಸದ್ಯದ ವಾಸ: ಶಿವರಾಜಪ್ಪ ಇವರ ಮನೆಯ ಕೆಳ ಅಂತಸ್ತು, ಗಾಂಧಿ ಗಂಜ ಹಿಂದಿನ ಓಣಿ, ಬೀದರ್.

ದಿನಾಂಕ 20-04-2016ರಂದು ವಿಚಾರಿಸಲಾಗಿ, ಯಾರೂ ಕಲಿಸಿಕೊಡದೆ, ನನಗೆ ನೆನಪಿದ್ದಷ್ಟನ್ನು ನೆನಪಿದ್ದ ಹಾಗೆ ಈ ಮೂಲಕ ತಿಳಿಸುವುದೇನೆಂದರೆ:

ನಾನು ಸದರಿ ಮನೆಯಲ್ಲಿ ಆರು ವರ್ಷದಿಂದ ಬಾಡಿಗೆಗೆ ಇರುತ್ತೇನೆ. ಮಾಲೀಕರಾದ ಶಿವರಾಜಪ್ಪ, ವಯಸ್ಸು ಸುಮಾರು 54, ಗಂಜಿನಲ್ಲಿ ತೊಗರಿಬೇಳೆ ವ್ಯಾಪಾರಿ, ಹೆಂಡತಿ ಶಿವಕಾಂತಾ ಇವರೊಂದಿಗೆ ಮೇಲಿನ ಅಂತಸ್ತಿನಲ್ಲಿ ಇರುತ್ತಾರೆ. ನಮ್ಮ ನಡುವೆ ಹಳೆಯ ದ್ವೇಷ ಇಲ್ಲ. ಅವರು ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ಸೋಮವಾರ ಅವರು ಕೊಟ್ಟ ದೂರಿನಲ್ಲಿ ಮಾತ್ರ ನಾನು "ಸದರಿ ಹೆಂಗಸು" ಆಗಿದ್ದೇನೆ.

ನಾನು ಭೂಕಂಪದ ಸುಳ್ಳು ಸುದ್ದಿ ಹಬ್ಬಿಸಿದೆನೆಂದು ದೂರು ಇದೆ. ಆದ್ದರಿಂದ ಮೊದಲು ಗಿಲಾಸಿನ ವಿಷಯ ಹೇಳಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆದಾಗ ನಾವು ಭಾತಂಬ್ರಾದಲ್ಲಿದ್ದೆವು. ನೆಲುವಿನ ಮೇಲಿನ ಗಿಲಾಸು ಗಲಗಲ ಅಂದಿತು. ನಾನು ಗಂಡನನ್ನು ಎಬ್ಬಿಸಿದೆ. ಅವರು "ಇಲಿ ಇರಬೇಕು, ಮಲ್ಕೋ" ಎಂದು ಮಗ್ಗಲು ಬದಲಿಸಿದರು. ನಾನು ಮಗಳನ್ನು ಎತ್ತಿಕೊಂಡು ಹೊರಗೆ ಓಡಿದೆ. ಅವರನ್ನು ಇನ್ನೊಮ್ಮೆ ಕರೆಯಲಿಲ್ಲ. ಗೋಡೆ ಬಿದ್ದು ಅವರ ಬಲಗಾಲು ಮುರಿಯಿತು. ಸಾಯುವ ತನಕ ಕುಂಟುತ್ತ ನಡೆದರು, ಸಾಯುವ ತನಕ ಇಲಿಯ ಹೆಸರು ತೆಗೆಯಲಿಲ್ಲ. ಅಂದಿನಿಂದ ನಾನು ಅಡುಗೆಮನೆಯ ಮೂಲೆಯಲ್ಲಿ ತಂಬಿಗೆ ಬೋರಲು ಹಾಕಿ, ಅದರ ಮೇಲೆ ತಾಟು, ತಾಟಿನ ಮೇಲೆ ಒಂದರ ಮೇಲೊಂದು ಮೂರು ಸ್ಟೀಲ್ ಗಿಲಾಸು ಇಡುತ್ತೇನೆ. ಉರುಳಿದರೆ ಓಡುವುದು. ಮೊನ್ನೆಯ ಭಾನುವಾರದವರೆಗೆ, ಇಪ್ಪತ್ತಮೂರು ವರ್ಷದಲ್ಲಿ, ಎರಡು ಸಲ ಮಾತ್ರ ಉರುಳಿದ್ದವು. ಎರಡೂ ಸಲ ಬೆಕ್ಕು.

ದಿನಾಂಕ 28-03-2016ರಂದು ಶಿವರಾಜಪ್ಪ ಅವರು ಮನೆಯಲ್ಲೇ ಸಿನಿಮಾ ನೋಡಲು ಹೈದರಾಬಾದಿನಿಂದ ನಾಲ್ಕು ಕುರ್ಚಿ ತರಿಸಿದರು. ಸಿನಿಮಾದಲ್ಲಿ ಮೋಟಾರು ಗಾಡಿ ತಿರುಗಿದರೆ ಕುರ್ಚಿ ವಾಲುತ್ತದೆ, ಬಾಂಬು ಸಿಡಿದರೆ ಕುರ್ಚಿ ನಡುಗುತ್ತದೆ. ಓಣಿಯವರು ಇದಕ್ಕೆ ಕುಣಿಯೋ ಕುರ್ಚಿ ಎನ್ನುತ್ತಾರೆ. ಕೂಡಿಸಲು ಬಂದ ಮಕ್ಬೂಲ ಎಂಬಾತ, ಕೆಳಗೆ ದಪ್ಪ ರಬ್ಬರು ಹಾಕದಿದ್ದರೆ ಕೆಳಮನೆಯ ಛತ್ತಿಗೂ ನಡುಕ ಇಳಿಯುತ್ತದೆ ಎಂದು ತಿಳಿಸಿದ. "ರಬ್ಬರು ಹಾಕಿದ್ರ ಮಜಾ ಕಮ್ಮಿ ಆಗ್ತದ, ನೀ ಸೀದಾ ಬೋಲ್ಟ್ ಹೊಡಿ" ಎಂದು ಶಿವರಾಜಪ್ಪ ಹೇಳಿದರು. ನಾನು ಮೆಟ್ಟಿಲ ಕೆಳಗೆ ಜೋಳ ಹಸನು ಮಾಡುತ್ತಿದ್ದೆ, ಎರಡೂ ಮಾತು ಕೇಳಿದ್ದೇನೆ. ಸದರಿ ಛತ್ತಿನ ಕೆಳಗೆ ಇರುವುದು ನನ್ನ ಅಡುಗೆಮನೆ.

ಈ ವರ್ಷ ಬರ ಇರುವುದು ಠಾಣೆಗೂ ಗೊತ್ತಿದೆ. ಓಣಿಯ ಬೋರು ಫೆಬ್ರುವರಿಯಲ್ಲೇ ಬತ್ತಿದೆ. ಎದುರಿನ ಖಾಲಿ ಪ್ಲಾಟಿನಲ್ಲಿ ಔರಾದ ಕಡೆಯಿಂದ ದುಡಿಯಲು ಬಂದ ಮೂರು ಕುಟುಂಬ ತಗಡಿನ ಶೆಡ್ಡು ಹಾಕಿಕೊಂಡಿವೆ. ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಇಂಥದರಲ್ಲಿ ಕುಣಿಯೋ ಕುರ್ಚಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಅಂದಿರುವುದು ನಿಜ. ಅದು ಅವರ ಕಿವಿಗೆ ಬಿದ್ದಿದ್ದರೆ ಬೀಳಲಿ.

ದಿನಾಂಕ 17-04-2016 ಭಾನುವಾರ ಸಂಜೆ 4 ಗಂಟೆಗೆ ಟ್ಯಾಂಕರ್ ಬಂದಿತು. ಚಾಲಕ ಖಾಜಾ ಮಿಯಾ ಪೈಪು ಬಿಟ್ಟರು. ಪಾಳಿಯಲ್ಲಿ 41 ಕೊಡ ಇದ್ದವು, ನನ್ನದು ಮೂರನೆಯದು. ಕೊಡ ಪಾಳಿಗೆ ಇಟ್ಟು, ಒಲೆಯ ಮೇಲಿನ ಚಹಾ ಇಳಿಸಲು ನಾನು ಒಳಗೆ ಬಂದೆ. 4 ಗಂಟೆ 10 ನಿಮಿಷಕ್ಕೆ ಮೇಲಿನ ಗಿಲಾಸು ಬಿತ್ತು. ಬೆಕ್ಕು ಇರಲಿಲ್ಲ. ನಾನು ನೋಡುತ್ತಿದ್ದಂತೆ ಎರಡನೆಯದು, ಮೂರನೆಯದು ಬಿದ್ದವು, ತಾಟು ತಂಬಿಗೆಯ ಮೇಲೆ ತಿರುಗಿತು. ಗೋಡೆ ಮುಟ್ಟಿದೆ. ಗೋಡೆ ನಡುಗುತ್ತಿತ್ತು. ನಾನು ಹೊರಗೆ ಓಡಿ "ಭೂಕಂಪ ಆಗ್ಲಿಕತ್ತದ, ಬಯಲಿಗಿ ಓಡ್ರಿ" ಎಂದು ಕೂಗಿದೆ. ಮೂರು ಸಲ ಕೂಗಿದೆ, ದೂರಿನಲ್ಲಿ ಹೇಳಿದಂತೆ ಹತ್ತು ಸಲ ಅಲ್ಲ.

ನಮ್ಮ ಕಡೆಯ ಜನಕ್ಕೆ ಈ ಮಾತು ಎರಡು ಸಲ ಹೇಳಬೇಕಾಗಿಲ್ಲ. ಓಣಿಯ ಎಲ್ಲರೂ ಅರ್ಧ ನಿಮಿಷದಲ್ಲಿ ಪ್ಲಾಟಿಗೆ ಬಂದರು. ಶಿವಕಾಂತಾ ಅವರು ರೊಟ್ಟಿ ಹಿಟ್ಟಿನ ಕೈಯಲ್ಲೇ ಇಳಿದು ಬಂದರು. ಖಾಜಾ ಮಿಯಾ ಪೈಪು ಬಿಸಾಕಿ ಎಲ್ಲರಿಗಿಂತ ಮುಂದೆ ಇದ್ದರು. ನೀರು ರಸ್ತೆಗೆ ಹರಿಯಿತು. ಓಣಿಯ ಎರಡು ಎಮ್ಮೆ ಮಾತ್ರ ಓಡಲಿಲ್ಲ, ನಿಂತು ನೀರು ಕುಡಿದವು. ದನಕ್ಕೆ ಮೊದಲು ತಿಳಿಯುತ್ತದೆ ಎಂಬುದು ನನಗೆ ಗೊತ್ತಿದ್ದೂ ನಾನು ಎಮ್ಮೆಯ ಮುಖ ನೋಡಲಿಲ್ಲ. ಅಷ್ಟು ಮಟ್ಟಿಗೆ ತಪ್ಪು ನನ್ನದೇ.

4 ಗಂಟೆ 13 ನಿಮಿಷಕ್ಕೆ ಶಿವಕಾಂತಾ ಅವರು, ಯಜಮಾನರು ಮತ್ತು ಔರಾದದಿಂದ ಬಂದ ಅವರ ಕಾಕಾ ಇನ್ನೂ ಮೇಲೇ ಇದ್ದಾರೆಂದು ಅಳತೊಡಗಿದರು. ಯಾರೂ ಕದಲಲಿಲ್ಲ. ನಾನು ಹೋದೆ. ನನಗೆ ಧೈರ್ಯ ಇತ್ತೆಂದು ಬರೆದುಕೊಳ್ಳಬಾರದು. ಆದರೆ ಒಮ್ಮೆ ಒಬ್ಬರನ್ನು ಇನ್ನೊಂದು ಸಲ ಕರೆಯದೆ ಬಂದವಳು ನಾನು, ಮತ್ತೊಮ್ಮೆ ಹಾಗೆ ಮಾಡಲು ನನ್ನಿಂದ ಆಗಲಿಲ್ಲ. ಹದಿನೆಂಟು ಮೆಟ್ಟಿಲು ಹತ್ತಿದೆ.

ಮೇಲಿನ ಹಾಲಿನಲ್ಲಿ ಕತ್ತಲೆ ಇತ್ತು. ಪರದೆಯ ಮೇಲೆ ಒಂದು ಲಾರಿ ಗುಡ್ಡದಿಂದ ಉರುಳುತ್ತಿತ್ತು. ಶಿವರಾಜಪ್ಪ ಅವರು ಕುರ್ಚಿಯ ಎರಡೂ ಕೈ ಹಿಡಿದು ಎಡಕ್ಕೆ ಬಲಕ್ಕೆ ವಾಲಾಡುತ್ತಿದ್ದರು. ಭೂಕಂಪ, ಏಳ್ರಿ ಎಂದು ನಾನು ಅಂಗಿ ಹಿಡಿದು ಎಳೆದೆ. ಕುರ್ಚಿ ಹಿಂದಕ್ಕೆ ಜಗ್ಗಿತು, ನಾನು ಪಕ್ಕದ ಖಾಲಿ ಕುರ್ಚಿಯಲ್ಲಿ ಬಿದ್ದೆ. ಅದೂ ಕುಣಿಯತೊಡಗಿತು. ಅವರು ನಕ್ಕು "ಹ್ಯಾಂಗ ಅದ ಅಕ್ಕಾ? ಖರೇ ಲಾರಿದಾಗ ಕುಂತಂಗ ಆಗ್ತದಿಲ್ಲೋ?" ಎಂದು ಕೇಳಿದರು. ಕುರ್ಚಿ ಕುಣಿಸಿದ್ದು ಅಂದೇ ಮೊದಲ ಸಲ. ಆಗ ನನಗೆ ಎಲ್ಲವೂ ತಿಳಿಯಿತು. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು, ಆದರೆ ಕುರ್ಚಿ ನಿಲ್ಲುವವರೆಗೆ ಏಳಲು ಆಗಲಿಲ್ಲ. ಲಾರಿ ಉರುಳುವುದು ಮುಗಿಯಲು ಎರಡು ನಿಮಿಷ ಬೇಕಾಯಿತು.

ಕುರ್ಚಿ ನಿಂತಿತು. ಆ ಕಡೆಯ ಕುರ್ಚಿಯಲ್ಲಿ ಅಷ್ಟು ಹೊತ್ತೂ ನಿದ್ದೆ ಹೋಗಿದ್ದ ಕಾಕಾ ಹಾವಗೆಪ್ಪ, ವಯಸ್ಸು 71, ಕಣ್ಣು ಬಿಟ್ಟು, ಚೀಲಕ್ಕಾಗಿ ಕಾಲ ಬಳಿ ತಡಕಿ, "ಬೀದರ ಬಂತೇನು?" ಎಂದು ಕೇಳಿದರು. ಇದು ಮನೆ, ಬಸ್ಸಲ್ಲ ಎಂದು ಶಿವರಾಜಪ್ಪ ತಿಳಿಸಿದರು. ಅದಕ್ಕೆ ಕಾಕಾ, "ಔರಾದ ಬಸ್ಸಿನಾಗ ಇದಕ್ಕಿಂತ ಜಾಸ್ತಿ ಕುಣಿಸ್ತಾರಪ್ಪಾ, ಮ್ಯಾಲ ಊರಿಗೂ ಮುಟ್ಟಿಸ್ತಾರ. ಇಷ್ಟು ಕುಣದು ಇಲ್ಲೇ ಇಳಿಯೂದಿದ್ರ ಇದೆಂಥಾ ಸವಾರಿ?" ಎಂದರು. ಇಂಥ ಕುರ್ಚಿ ಮನೆಗೆ ಬೇಕೋ ಬೇಡವೋ ಎಂದು ಠಾಣೆಯ ಸಾಹೇಬರು ನನ್ನನ್ನೂ ಕೇಳಿದ್ದಾರೆ. ಸುಳ್ಳು ಹೇಳುವುದಿಲ್ಲ, ಎರಡು ನಿಮಿಷದಲ್ಲಿ ಕಡೆಯ ಅರ್ಧ ನಿಮಿಷ ನನಗೆ ಚೆನ್ನಾಗಿಯೇ ಅನಿಸಿತು. ಉಳಿದಂತೆ ಕಾಕಾನ ಮಾತಿಗೆ ನನ್ನ ಒಪ್ಪಿಗೆ ಇದೆ.

ನಾನು ಕೆಳಗೆ ಬಂದಾಗ 4 ಗಂಟೆ 20 ನಿಮಿಷ. ಟ್ಯಾಂಕರ್ ಖಾಲಿಯಾಗಿತ್ತು. 41ರಲ್ಲಿ ತುಂಬಿದ್ದು ಎರಡೇ ಕೊಡ. ಶೆಡ್ಡಿನ ಸುಭದ್ರಾಬಾಯಿ ರಸ್ತೆಯ ತಗ್ಗಿನಲ್ಲಿ ನಿಂತ ನೀರನ್ನು ಸೆರಗಿನಿಂದ ಸೋಸಿ ತುಂಬಿಕೊಳ್ಳುತ್ತಿದ್ದಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಮೇಲಿನಿಂದ ಶಿವರಾಜಪ್ಪ ಅವರು, ಕುರ್ಚಿ ಕುಂತವರನ್ನ ಕುಣಿಸ್ತದ, ಅಕ್ಕ ಇಡೀ ಓಣಿ ಕುಣಿಸ್ಯಾಳ ಎಂದರು. ಜನ ನಕ್ಕರು.

ಅಂದಿನಿಂದ ಓಣಿಯಲ್ಲಿ ನನಗೆ ಭೂಕಂಪಬಾಯಿ ಎಂದು ಹೆಸರು ಬಿದ್ದಿದೆ. ಹೆಸರು ಬೀಳಲಿ. ನಿನ್ನೆ, 19ರಂದು ಬೆಳಿಗ್ಗೆ 9 ಗಂಟೆಗೆ ಗಿಲಾಸು ಮತ್ತೆ ಉರುಳಿದವು. ನಾನು ಬಾಗಿಲಿಗೆ ಬಂದು ಕೂಗಿದೆ. ಒಬ್ಬರೂ ತಲೆ ಎತ್ತಲಿಲ್ಲ. ಅದೂ ಕುರ್ಚಿಯದೇ ನಡುಕ ಎಂದು ಆಮೇಲೆ ತಿಳಿಯಿತು. ಆದರೆ ಅದು ಅವರಿಗೆ ಹೇಗೆ ಗೊತ್ತು? ನಾಳೆ ಖರೇ ನಡುಗಿದರೂ ಇವರು ಹೀಗೇ ಕೊಡ ತೊಳೆಯುತ್ತ ಕೂಡುತ್ತಾರೆ. ಆಗ ನನಗೆ ಅಳು ಬಂತು. ನೀರು ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ, ಹೋದ ಮಾತು ಯಾವ ಟ್ಯಾಂಕರಿನಲ್ಲಿ ಬರಬೇಕು?

ಇಂದು ಬೆಳಿಗ್ಗೆ 11 ಗಂಟೆ 5 ನಿಮಿಷಕ್ಕೆ ಸ್ಥಳ ಪರಿಶೀಲನೆಗೆ ಇಬ್ಬರು ಬಂದರು. ಪಿಎಸ್‌ಐ ಸಾಹೇಬರು ಕುರ್ಚಿ ಪರೀಕ್ಷಿಸಲು ಮೇಲೆ ಹೋದರು. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್ಸ್‌ಟೇಬಲ್ ಏಕನಾಥ ಅವರು ಗಿಲಾಸು ನೋಡಲು ನನ್ನ ಅಡುಗೆಮನೆಯಲ್ಲಿ ನಿಂತರು. ಮೇಲೆ ಕುರ್ಚಿ ಚಾಲೂ ಮಾಡುತ್ತಾರೆ, ಗಿಲಾಸು ಬೀಳುತ್ತವೆ ಎಂದು ಅವರಿಗೆ ಮೊದಲೇ ಹೇಳಿದ್ದೆ. 11 ಗಂಟೆ 12 ನಿಮಿಷಕ್ಕೆ ಮೂರೂ ಬಿದ್ದವು. ಏಕನಾಥ ಅವರು ಟೋಪಿ, ಪೆನ್ನು, ವಹಿ ಮೂರನ್ನೂ ಬಿಟ್ಟು ಪ್ಲಾಟಿಗೆ ಓಡಿದರು. ನಾನು ವಹಿ ಒಯ್ದು ಕೊಟ್ಟೆ. ಕೇಳಲಾಗಿ, ತಾವೂ ಭಾಲ್ಕಿ ತಾಲೂಕಿನವರು, ಕಿಲ್ಲಾರಿ ಭೂಕಂಪದ ವರ್ಷ ಹತ್ತನೇ ತರಗತಿಯಲ್ಲಿದ್ದವರು ಎಂದಷ್ಟೇ ಹೇಳಿದರು.

ಇಲ್ಲಿ "ಓಡಿದರು" ಎಂಬುದರ ಬದಲು "ತ್ವರಿತವಾಗಿ ತೆರಳಿದರು" ಎಂದು ಬರೆಯಲೇ ಎಂದು ಅವರು ಕೇಳಿದ್ದಾರೆ. ಓಡಿದರು ಎಂದೇ ಇರಬೇಕು, ಇಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದು ತಿಳಿಸಿದ್ದೇನೆ. ಅವರನ್ನು ನಗೆಪಾಟಲು ಮಾಡಲು ಅಲ್ಲ. ನನ್ನ ಗಿಲಾಸನ್ನು ನಂಬಿ ಓಡಿದವರು ಊರಿನಲ್ಲಿ ಇನ್ನೂ ಒಬ್ಬರಿದ್ದಾರೆಂದು ಕಾಗದದ ಮೇಲೆ ಇರಲಿ.

ಕುರ್ಚಿಗೆ ರಬ್ಬರು ಹಾಕಿಸಬೇಕು, ಇಲ್ಲವೇ ಕುರ್ಚಿಯನ್ನು ಕೆಳಗೆ ತಂದು ನನ್ನನ್ನು ಮೇಲೆ ಕಳಿಸಬೇಕು. ಗಿಲಾಸುಗಳನ್ನು ಮತ್ತೆ ಜೋಡಿಸಿ ಇಟ್ಟೇ ಠಾಣೆಗೆ ಬಂದಿದ್ದೇನೆ.

ಮೇಲೆ ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಓಡಿದ್ದೂ ಇದೆ. ಎಲ್ಲವೂ ನಿಜ.

ಸ್ಥಳ: ಬೀದರ್
ದಿನಾಂಕ: 20-04-2016, ಮಧ್ಯಾಹ್ನ 1 ಗಂಟೆ 40 ನಿಮಿಷ
ಸಹಿ: ಕೌಸಲ್ಯಾಬಾಯಿ

ನನ್ನ ಸಮಕ್ಷಮ, ಹೇಳಿದಂತೆ ಬರೆದುಕೊಂಡಿದ್ದೇನೆ. ಓಡಿದ್ದು ನಿಜ.
ಸಹಿ: ಏಕನಾಥ, ಹೆಡ್ ಕಾನ್ಸ್‌ಟೇಬಲ್