ಮಸಾಲಿ ಇಲ್ಲದ ಖೀಮಾ

ಗಂಗಾವತಿಯ ಮಟನ್ ಅಂಗಡಿಯಲ್ಲಿ ನನ್ನ ಮುಂದೆ ಅಕ್ಕಪಕ್ಕದ ಮನೆಯ ಹೆಂಗಸರಿಬ್ಬರು ನಿಂತಿದ್ದರು. ಹಿರಿಯರಾದ ಮುಮ್ತಾಜಬೇಗಂ ಖೀಮಾ ಹೇಳಿದರು.

“ಇಷ್ಟ್ಯಾಕ್ರಿ ಖೀಮಾ, ಮುಮ್ತಾಜಕ್ಕ?” ಎಂದು ಕಳಕಮ್ಮ ಕೇಳಿದರು.

“ನಾಳಿ ನನ್ನ ಮಗ ನಜೀಬನ ನಲವತ್ತನೇ ದಿನದ ಫಾತಿಹಾ. ಹೋದವರಿಗೆ ಇಷ್ಟ ಇದ್ದದ್ದು ಮಾಡಿ ಇಡ್ತೀವಿ.”

“ಬಿರಿಯಾನಿ ಏನ್ರಿ?”

“ಅಲ್ಲ. ಸಾಣಾಪುರದ ರೆಸಾರ್ಟಿನಾಗ ಫಾರಿನ್ನವರಿಗೆ ಮಾಡ್ತಿದ್ದನಲ್ಲ, ಇಟಲಿ ಪಾಸ್ತಾ, ಅದರ ಮ್ಯಾಲ ಹಾಕೋ ಖೀಮಾ.”

“ನಿಮಗ ಬರತೈತೇನ್ರಿ?”

“ಉಳ್ಳಾಗಡ್ಡಿ, ಗಜ್ಜರಿ ಸಣ್ಣಗ ಹೆಚ್ಚಿ ಹುರಿಯೋದು. ಖೀಮಾ, ಟೊಮೆಟೊ ಹಾಕಿ ಸಣ್ಣ ಉರಿಮ್ಯಾಲ ಮಧ್ಯಾಹ್ನದತನಕ ಬಿಡೋದು. ಅವ ಮನ್ಯಾಗ ಮಾಡೋದು ನೋಡೀನಿ.”

“ಮಸಾಲಿ?”

“ಇಲ್ಲ. ಉಪ್ಪು, ಮೆಣಸು ಅಷ್ಟ.”

“ಉಪ್ಪು ರುಚಿ ನೋಡಿ ಹಾಕ್ರಿ.”

“ನಮ್ಮ ಮನ್ಯಾಗ ಫಾತಿಹಾ ಆಗೂತನಕ ರುಚಿ ನೋಡೂ ಹಂಗಿಲ್ಲ.”

“ಮೊದಲ ತಿಂದಿದ್ದು ನೆನಪಿರಬೇಕಲ್ರಿ?”

“ತಿಂದಿಲ್ಲ. ತಾಟಿನಾಗ ಹಾಕಿ ಕೊಡ್ತಿದ್ದ. ಮಸಾಲಿ ಇಲ್ಲದ್ದು ಯಾರು ತಿಂತಾರಂತ ನಾನ ಸರಿಸ್ತಿದ್ದೆ.”

ಅಂಗಡಿಯವನು ಚೀಲ ಕೊಟ್ಟ.

“ನಾಳಿ ತಿಂತೀನಿ,” ಎಂದರು ಮುಮ್ತಾಜಬೇಗಂ. “ಬಾ, ಇನ್ನ ಗಜ್ಜರಿ ತಗೋಬೇಕು.”

ಇಬ್ಬರೂ ಕಾಯಿಪಲ್ಯೆ ಅಂಗಡಿಗಳ ಕಡೆ ಹೋದರು.